ಹೆಸರು ಸುಟ್ಟ ಕ್ಯಾಬಿನ್ ಶಂಕರೆಪ್ಪ

ಕೈಗೊಂದು ಸೀಟಿ ಸಿಕ್ಕರೆ ಸಾಕು, ನಮ್ಮ ಜನಕ್ಕೆ ತಾವೇ ಪೊಲೀಸ್ ಕಮಿಷನರ್ ಅನ್ನಿಸಿಬಿಡುತ್ತದೆ. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾದವನು ನೀರಿನ ಟ್ಯಾಂಕಿನ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಾನೆ. ಗಣಪತಿ ಮಂಡಳದ ಸ್ವಯಂಸೇವಕ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಮರುಕ್ಷಣ ನಿನ್ನೆಯ ಗೆಳೆಯನನ್ನು ಸಾಲಿನಿಂದ ಹೊರಗೆ ತಳ್ಳುತ್ತಾನೆ. ಮೈದುನನನ್ನು ಮಾತ್ರ ಹಿಂಬಾಗಿಲಿನಿಂದ ಒಳಗೆ ಬಿಡುತ್ತಾನೆ. ಕೇಳಿದರೆ, ‘ಪುಕ್ಕಟೆ ದುಡಿಯುತ್ತೇವಲ್ಲ, ಅಷ್ಟೂ ಬೇಡವೇ?’ ಅನ್ನುತ್ತಾನೆ. ಬೇಡ. ಪುಕ್ಕಟೆ ದುಡಿಯುತ್ತೇನೆಂದು ನೀನೇ ಕೈಯೆತ್ತಿದ್ದು. ಆ ಕೈಯಿಂದ ಯಾರ ಕುತ್ತಿಗೆಯನ್ನೂ ಹಿಡಿಯಬೇಡ.

ಇಂಥವರನ್ನು ಕಂಡಾಗಲೆಲ್ಲ ನನಗೆ ಶಂಕರೆಪ್ಪನ ನೆನಪಾಗುತ್ತದೆ. ಗದಗಿನ ಕಡೆಯವನು. ಥಾಣೆಯ ಹತ್ತಿರದ ದಿವಾ ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ, ಗಾಡಿಗೆ ದಾರಿ ಕೊಡುವ ಲಿವರ್ ಎಳೆಯುವ ಕೆಲಸ. ಮನೆ ಡೊಂಬಿವಲಿಯ ಒಂದು ಚಾಳಿನಲ್ಲಿ. ಹೆಂಡತಿ ಕಲ್ಲವ್ವ, ಎರಡು ಕೋಣೆ, ಗೋಡೆಗೆ ಒಂದು ಗಡಿಯಾರ, ಅದೂ ರೈಲ್ವೆ ಗಡಿಯಾರದ ಹಾಗೆ ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಯಾವ ಸನ್ಮಾನಪತ್ರದಲ್ಲೂ ಇವನ ಹೆಸರು ಬಂದಿಲ್ಲ. ಶಾಲು ಹೊದೆಸುವವರ ಕಣ್ಣಿಗೆ ಇಂಥವರು ಎಂದು ಬಿದ್ದಾರೆ?

ಸಂಗತಿ ಶುರುವಾದದ್ದು ಎಪ್ಪತ್ತೇಳರ ಮಳೆಗಾಲದಲ್ಲಿ. ಹಳಿಯ ಮೇಲೆ ನೀರು ನಿಂತು ಗಾಡಿಗಳೆಲ್ಲ ಬಂದ್. ಡೊಂಬಿವಲಿ ಸ್ಟೇಷನ್ನಿನ ಎದುರು ವಿಷ್ಣುಮೂರ್ತಿ ರಾಯರ ಹೊಟೇಲಿನಲ್ಲಿ ಸುಮಾರು ಇಪ್ಪತ್ತು ಕನ್ನಡಿಗರು ಇಡೀ ದಿನ ಸಿಕ್ಕಿಬಿದ್ದರು. ಕಾಫಿ ಕುಡಿದು ಕುಡಿದು ಬೇಸತ್ತಾಗ ಯಾರೋ ತಿಂಡಿಯ ಪಟ್ಟಿಯ ಹಿಂಬದಿಯಲ್ಲಿ ಒಂದು ದೇಶದ ನಕ್ಷೆ ಗೀಚಿದರು. ಹನ್ನೆರಡು ಕೋಟೆ, ಒಂದು ನದಿ, ಒಂದು ಕಣಿವೆ. ‘ನಾನು ರಾಜ’ ಅಂದರು ರಾಯರು, ಹೊಟೇಲು ಅವರದಾದ್ದರಿಂದ. ಇನ್ನೊಬ್ಬ ಮಂತ್ರಿಯಾದ, ಮತ್ತೊಬ್ಬ ಕಳ್ಳ, ಮಗದೊಬ್ಬ ಸನ್ಯಾಸಿ. ನೀರು ಇಳಿದು ಗಾಡಿ ಹೊರಟಿತು. ಆದರೆ ಆಟ ನಿಲ್ಲಲಿಲ್ಲ.

ಅದಕ್ಕೆ ಕೋಟೆಯಾಟ ಎಂದು ಹೆಸರು ಬಿತ್ತು. ಪ್ರತಿಯೊಬ್ಬನೂ ತನ್ನ ಪಾತ್ರ ಆ ವಾರ ಏನು ಮಾಡಿತು, ಏನು ಮಾತಾಡಿತು ಎಂದು ಚೀಟಿಯಲ್ಲಿ ಬರೆದು, ಹೊಟೇಲಿನ ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿಟ್ಟ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಡಬ್ಬಿಯ ಮುಚ್ಚಳಕ್ಕೆ ಸೀಳು, ಪಕ್ಕಕ್ಕೊಂದು ಪುಟ್ಟ ಬೀಗ. ಶುಕ್ರವಾರ ಚೀಟಿ ತೆಗೆದು ಒಂದು ದೊಡ್ಡ ವಹಿಗೆ ನಕಲು ಮಾಡುವುದು; ಭಾನುವಾರ ಊಟದ ಗಿರಾಕಿಗಳು ಹೋದ ಮೇಲೆ, ಮೂರು ಗಂಟೆಗೆ, ಹಿಂದಿನ ಉದ್ದ ಮೇಜಿನ ಸುತ್ತ ಕೂತು ಓದುವುದು. ಕಲ್ಯಾಣದಿಂದ, ಥಾಣೆಯ ವರ್ತಕ ನಗರದಿಂದ ಜನ ಬರುತ್ತಿದ್ದರು. ವಾಶಿಯಿಂದ ಎರಡು ಬಸ್ಸು ಬದಲಿಸಿ ಬರುವವನೊಬ್ಬನಿದ್ದ.

ಎರಡೇ ತಿಂಗಳಲ್ಲಿ ಬೈಗುಳ ಶುರುವಾಯಿತು. ರಾಜನನ್ನು ಹೇಡಿ ಅನ್ನುವುದಕ್ಕೆ ಹೊರಟವನು ರಾಯರ ಇಡ್ಲಿಯ ಬಗ್ಗೆ ಬರೆದ. ಘಟ್ಟದ ಕೆಳಗಿನವರು, ಜೋಳದ ರೊಟ್ಟಿಯವರು ಎಂದು ಎರಡು ಪಾಳಯವಾಯಿತು. ಹೀಗಾದರೆ ಆಟ ಹಾಳು ಎಂದು ಮೂವರು ನೋಡಿಕೊಳ್ಳುವವರನ್ನು ಆರಿಸಿದರು: ಥಾಣೆಯ ಬ್ಯಾಂಕಿನ ಗುಮಾಸ್ತ ಪುಂಡರೀಕಾಕ್ಷ, ಉಡುಪಿಯವನು, ಕಲ್ಯಾಣದ ಬಣ್ಣದ ಕಾರ್ಖಾನೆಯ ಸೈದಪ್ಪ, ಕಲಬುರಗಿಯವನು, ಮೂರನೆಯವನು ಶಂಕರೆಪ್ಪ.

ಆಡುವವರಿಗೆ ನಿಯಮ ಬರೆದುಕೊಡಿ ಎಂದು ಎಲ್ಲರೂ ಶಂಕರೆಪ್ಪನನ್ನು ಕೇಳಿದರು. ಅವನು ಬರೆದದ್ದು ಆಡುವವರಿಗಲ್ಲ, ನೋಡಿಕೊಳ್ಳುವವರಿಗೆ.

‘ಆಡಾವ್ರು ತಪ್ಪ್ ಮಾಡ್ತಾರ್ರಿ, ಆಡಾಕs ಬಂದಾರ,’ ಅಂದ. ‘ನಾವು ತಪ್ಪ್ ಮಾಡಿದ್ರ ಯಾರ್ನ ಕೇಳೋದು? ಅದಕ್ಕ ಮೊದಲ ನಮಗ ಬೇಲಿ.’

ಆ ಕಾಗದ ಮೇಜಿನ ಗಾಜಿನ ಕೆಳಗೆ ಬಹಳ ವರ್ಷ ಇತ್ತು. ನೋಡಿಕೊಳ್ಳುವವನು ಆಡಬಾರದು ಎಂಬುದು ಮೊದಲ ಮಾತು. ಲಿವರ್ ಎಳೆಯುವವನು ಗಾಡಿಯೊಳಗೆ ಕೂತಿರುವುದಕ್ಕಾಗುವುದಿಲ್ಲವಲ್ಲ. ಆಡುವವರು ತಮ್ಮ ನಿಜವಾದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು, ಒಬ್ಬನೇ ಎರಡು ಪಾತ್ರ ಹಾಕಬಾರದು ಎಂಬ ಕಾರಣಕ್ಕೆ. ಆದರೆ ಆ ಹೆಸರು ಒಬ್ಬನ ಹೊಟ್ಟೆಯಲ್ಲಿರಬೇಕು, ಸಾಯುವ ತನಕ. ಹೆಸರು ಗೊತ್ತಿದ್ದವನು ತೀರ್ಪು ಹೇಳಬಾರದು. ತೀರ್ಪು ಹೇಳುವವನಿಗೆ ಹೆಸರು ಗೊತ್ತಿರಬಾರದು. ಆದ್ದರಿಂದ ಹೆಸರು ಇಟ್ಟುಕೊಂಡು ನಕಲು ಮಾಡುವುದು ಶಂಕರೆಪ್ಪನ ಪಾಲಿಗೆ. ಯಾವ ಕೋಟೆ ಬಿತ್ತು, ಯಾವುದು ಉಳಿಯಿತು ಎಂದು ಹೇಳುವುದು ಉಳಿದಿಬ್ಬರ ಪಾಲಿಗೆ.

ಇನ್ನೊಂದು ಕಲಮು ಇತ್ತು, ಅದನ್ನು ಓದಿದಾಗಲೆಲ್ಲ ನನಗೆ ನಮ್ಮ ಸಭಾಧ್ಯಕ್ಷರುಗಳ ಮುಖ ಕಣ್ಣಮುಂದೆ ಬರುತ್ತದೆ. ಯಾರದಾದರೂ ಸಾಲನ್ನು ತೆಗೆದುಹಾಕಿದರೆ, ತೆಗೆದದ್ದು ಕಾಣಬೇಕು, ತೆಗೆದವನ ಹೆಸರೂ ಕಾಣಬೇಕು. ವಹಿಯಲ್ಲಿ ಅಲ್ಲಲ್ಲಿ ಖಾಲಿ ಗೆರೆ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ: ‘ಇಲ್ಲಿ ಒಂದು ಸಾಲು ಬಿಟ್ಟಿದೆ. ಬಿಟ್ಟವನು ಶಂಕರೆಪ್ಪ.’ ಯಾಕೆ ಬಿಟ್ಟೆ ಎಂದು ಯಾರು ಬೇಕಾದರೂ ಭಾನುವಾರ ಎದ್ದು ನಿಂತು ಕೇಳಬಹುದಿತ್ತು.

ಒಮ್ಮೆ ಎಡವಿದ. ಸಂಕರ್ಷಣ ಎಂಬ ಆಟಗಾರ ‘ಕುಂಟು ಕುದುರೆ ಕೋಟೆಯ ಬಾಗಿಲಲ್ಲಿ ನಿಂತಿತು’ ಎಂದು ಬರೆದಿದ್ದ. ಪುಂಡರೀಕಾಕ್ಷನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಅವನನ್ನೇ ಅಂದದ್ದು ಎಂದುಕೊಂಡು ಶಂಕರೆಪ್ಪ ಆ ಸಾಲು ಬಿಟ್ಟ.

‘ನನ್ನ ಕುದುರೆ ಮಾರಾಯ್ರೆ!’ ಭಾನುವಾರ ಸಂಕರ್ಷಣ ಕೂಗಾಡಿದ. ‘ಹೋದ ವಾರ ಕಲ್ಲು ತಾಗಿ ಕುಂಟಾಯ್ತು ಅಂತ ನಾನೇ ಬರ್ದಿದ್ದೆ. ನನ್ನ ಕುದುರೆ ಕುಂಟ್ಲಿಕ್ಕೂ ನಿಮ್ಮ ಪರ್ಮಿಷನ್ ಬೇಕಾ?’

‘ನನ್ನ ಕಾಲಿಗಿಂತ ಅದಕ್ಕೇ ಹೆಚ್ಚು ಮರ್ಯಾದೆ ಸಿಕ್ಕಿತು,’ ಅಂದ ಪುಂಡರೀಕಾಕ್ಷ. ಇಡೀ ಮೇಜು ನಕ್ಕಿತು.

ಶಂಕರೆಪ್ಪ ನಗಲಿಲ್ಲ. ಎದ್ದು ನಿಂತ, ತಪ್ಪಾಯಿತು ಅಂದ. ಮುಂದಿನ ವಾರದ ವಹಿಯಲ್ಲಿ ಕುದುರೆಯ ಸಾಲನ್ನೂ ತನ್ನ ತಪ್ಪನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆದ. ದಪ್ಪ ಅಕ್ಷರದಲ್ಲಿ ಆರೋಪ, ಸಣ್ಣ ಅಕ್ಷರದಲ್ಲಿ ಕ್ಷಮೆ ಛಾಪಿಸುವ ನಮ್ಮ ಪತ್ರಿಕೆಗಳು ಇದನ್ನು ಓದಬೇಕು.

ಈಗ ಸೇನಾಪತಿಯ ವಿಚಾರ.

ಎಪ್ಪತ್ತೆಂಟರಲ್ಲಿ ಡಬ್ಬಿಯಲ್ಲಿ ಒಂದು ಹೊಸ ಹೆಸರಿನ ಚೀಟಿ ಬಂತು. ‘ಪಾತ್ರ: ಕಣಿವೆಯ ಕೋಟೆಯ ಸೇನಾಪತಿ. ಹೆಸರು: ವೇದಾವತಿ. ಹೊಟೇಲಿನ ಮೇಲಿನ ಮನೆ. ದಯವಿಟ್ಟು ಯಾರಿಗೂ ತಿಳಿಯಬಾರದು.’ ವೇದಾವತಿ ರಾಯರ ಸೊಸೆ, ಅವರ ಮಗ ಹೃಷೀಕೇಶನ ಹೆಂಡತಿ. ಉಡುಪಿಯಲ್ಲಿ ಕಾಲೇಜು ಎರಡನೆಯ ವರ್ಷಕ್ಕೆ ಬಿಟ್ಟು ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಕನ್ನಡ ಸಂಘದ ವಾಚನಾಲಯಕ್ಕೆ ಹೋಗುತ್ತಿದ್ದಳು. ಅಲ್ಲಿ ಗಂಡಸರ ಜೊತೆ ಪುಸ್ತಕದ ಬಗ್ಗೆ ವಾದ ಮಾಡಿದಳೆಂದು ಯಾರೋ ಕಿವಿಯೂದಿದರು. ಮರುದಿನದಿಂದ ವಾಚನಾಲಯ ಬಂದ್. ರಾಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ; ಒಳ್ಳೆಯವರು ಮಾಡುವ ಇಂಥ ಅನ್ಯಾಯಕ್ಕೇ ಬೇಗ ಹೆಸರು ಸಿಗುವುದಿಲ್ಲ. ಗಿರಾಕಿಗಳಿದ್ದಾಗ ಮನೆಯ ಹೆಂಗಸರು ಅಡುಗೆಮನೆಯ ಬಾಗಿಲು ದಾಟಬಾರದು. ಕೋಟೆಯಾಟವೂ ಗಂಡಸರದೇ. ಸೇನಾಪತಿ ತಾನೆಂದು ತಿಳಿದರೆ ಇದೂ ವಾಚನಾಲಯದ ದಾರಿ ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಶಂಕರೆಪ್ಪನಿಗೂ ಗೊತ್ತಾಯಿತು.

ಡಬ್ಬಿ ಇದ್ದದ್ದು ಹಾಲಿಗೂ ಅಡುಗೆಮನೆಗೂ ನಡುವೆ. ಮಧ್ಯಾಹ್ನ ಹೊಟೇಲು ಖಾಲಿಯಿದ್ದಾಗ ಅವಳು ಕೈತೊಳೆಯುವ ನೆವದಲ್ಲಿ ಬಂದು ಚೀಟಿ ಹಾಕುತ್ತಿದ್ದಳು. ಉಳಿದ ಎಲ್ಲರ ಪಾತ್ರವೂ ಎಲ್ಲರಿಗೂ ಗೊತ್ತು; ಬಾಯಿ ಬಿಗಿಹಿಡಿಯುವವರು ಯಾರಿದ್ದರು? ಸೇನಾಪತಿ ಒಬ್ಬರೇ ಗುಟ್ಟು. ವಹಿಯಲ್ಲೆಲ್ಲ ಶಂಕರೆಪ್ಪನ ಅಕ್ಷರವೇ ಆದ್ದರಿಂದ ಬರಹ ನೋಡಿ ಹಿಡಿಯುವ ಹಾಗೂ ಇರಲಿಲ್ಲ. ಮೆಟ್ಟಿಲ ಮೇಲೆ ಎದುರು ಸಿಕ್ಕರೆ ಶಂಕರೆಪ್ಪ ‘ಅರಾಮ್ ಏನ್ರಿ ತಂಗಿ’ ಎಂದು ಕೇಳಿ ಪಕ್ಕಕ್ಕೆ ಸರಿಯುತ್ತಿದ್ದ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ನಗೆ ಹೆಚ್ಚಿಲ್ಲ.

ಎಪ್ಪತ್ತೊಂಬತ್ತರಲ್ಲಿ ಮಹಾರಾಜರು, ಅಂದರೆ ರಾಯರು, ದೊಡ್ಡ ಸೈನ್ಯ ಕಟ್ಟಿಕೊಂಡು ಕಣಿವೆಯ ಕೋಟೆಗೆ ನುಗ್ಗಿದರು. ಸೇನಾಪತಿಯ ಉತ್ತರವನ್ನು ಶಂಕರೆಪ್ಪ ಓದಿದ:

‘ಮಹಾರಾಜರೇ, ನಿಮ್ಮ ಮೇಲೆ ಒಂದು ಬಾಣವನ್ನೂ ಬಿಡುವುದಿಲ್ಲ. ನಿಮ್ಮವರು ಮುನ್ನೂರು ಜನ, ಎರಡು ಹೊತ್ತಿನ ಊಟ. ನೀವು ಹೊತ್ತು ತಂದ ಬೇಳೆ ಹನ್ನೊಂದು ದಿನಕ್ಕೆ ಮುಗಿಯುತ್ತದೆ. ಸೌದೆ ಮಳೆಗೆ ನೆನೆದಿದೆ, ಬೇಳೆ ಬೇಯುವುದಿಲ್ಲ. ಮೊದಲು ಅಡುಗೆಯವರು ಓಡಿಹೋಗುತ್ತಾರೆ, ಸೈನಿಕರು ಆಮೇಲೆ. ಕಣಿವೆಯ ಎರಡೂ ಬಾಗಿಲು ಹಾಕಿ ನಾನು ಕೂತಿದ್ದೇನೆ. ನಿಮಗೆ ಅವಸರವಿಲ್ಲದಿದ್ದರೆ ನನಗೂ ಇಲ್ಲ.’

ಸೈದಪ್ಪ ತೊಡೆ ತಟ್ಟಿಕೊಂಡು ನಕ್ಕ. ಅವನೂ ಪುಂಡರೀಕಾಕ್ಷನೂ ಒಟ್ಟಿಗೆ ತೀರ್ಪು ಕೊಟ್ಟರು: ರಾಜನ ಸೈನ್ಯ ಚದುರಿತು. ಮಹಾರಾಜರು ಕುರ್ಚಿಯಲ್ಲಿ ಕೆಂಪಗಾದರು. ತಾವು ದಿನವೂ ಇನ್ನೂರು ಜನಕ್ಕೆ ಊಟ ಹಾಕುವ ಮನುಷ್ಯ. ಆ ಚೀಟಿಯಲ್ಲಿದ್ದದ್ದು ತಮ್ಮದೇ ಅಡುಗೆಮನೆಯ ಲೆಕ್ಕವೆಂದು ಹೊಳೆಯಲಿಲ್ಲ. ವಾರ ವಾರ ಸಾಮಾನಿನ ಪಟ್ಟಿ ಬರೆದುಕೊಡುವವಳು ಮೇಲಿನ ಮನೆಯ ಸೊಸೆ. ಅದನ್ನು ಅವರು ಓದುತ್ತಿದ್ದರು, ಅವಳನ್ನು ಓದುತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಬೇರೆ ಪದ.

‘ಎರಡೂ ಬಾಗಿಲು ಹಾಕಿ ಕೂತಿದ್ದೇನೆ! ಇದು ಯಾರ ಭಾಷೆ? ಹಳಿ ಬಂದ್ ಮಾಡಿ ಗಾಡಿ ನಿಲ್ಲಿಸುವವನ ಭಾಷೆ ಅಲ್ವಾ?’ ಅಂದರು. ‘ಶಂಕರೆಪ್ಪನವರೇ, ನಿಜ ಹೇಳಿ. ಸೇನಾಪತಿ ನೀವೇ.’

ನೋಡಿಕೊಳ್ಳುವವನು ಆಡಬಾರದು ಎಂದು ಬರೆದವನ ಮೇಲೆಯೇ ಆ ಮಾತು.

‘ನಾ ಆಡಿಲ್ರಿ ರಾಯರ.’

‘ಹಾಗಾದ್ರೆ ಯಾರು ಹೇಳಿ ಮಾರಾಯ್ರೆ. ಒಂದು ಹೆಸರು. ಮುಗೀತಲ್ಲ.’

‘ಅದು ಹೇಳಾಂಗಿಲ್ರಿ.’

‘ಹೇಳಿ ಬಿಡೋ ಅಣ್ಣಾ,’ ಅಂದ ಸೈದಪ್ಪ, ಮೆಲ್ಲಗೆ. ‘ನಮ್ಮ ನಮ್ಮೊಳಗೇ ಅದ.’

‘ನಮ್ಮ ನಮ್ಮೊಳಗೇ ಅದ ಅಂತs ಹೇಳಾಕ ಬರಾಂಗಿಲ್ಲೋ ಸೈದಪ್ಪಾ.’

ಪುಂಡರೀಕಾಕ್ಷ ವಕೀಲನ ಹಾಗೆ ಬೆರಳೆತ್ತಿದ. ‘ಖಾಲಿಪೀಲಿ ಸುಮ್ನೆ ಯಾಕೆ ಎಳೆಯೋದು? ಒಂದು ವಾರ ಡಬ್ಬಿಯ ಹತ್ರ ಒಬ್ಬರನ್ನು ಕೂರ್ಸುವ. ಯಾರು ಚೀಟಿ ಹಾಕ್ತಾರೆ ನೋಡುವ. ಸೇನಾಪತಿ ಬಂದ್ರೆ ಶಂಕರೆಪ್ಪ ಪಾರು. ಬರದಿದ್ರೆ...’

‘ನಾನೇ ಕೂರ್ತೇನೆ,’ ಅಂದರು ರಾಯರು. ‘ಇವತ್ತಿಂದಲೇ.’

ಅಡುಗೆಮನೆಯ ಬಾಗಿಲ ಹಿಂದೆ ವೇದಾವತಿ ಅಲಸಂಡೆ ಮುರಿಯುತ್ತ ಕೂತಿದ್ದಳು. ಎಲ್ಲವೂ ಕೇಳಿಸುತ್ತಿತ್ತು.

ಶಂಕರೆಪ್ಪನ ಬಳಿ ಎರಡೇ ದಾರಿ. ಹೆಸರು ಹೇಳಿದರೆ ತಾನು ಆಡಲಿಲ್ಲವೆಂದು ಸಾಬೀತು. ಆದರೆ ಮೇಲಿನ ಮನೆಯ ಹುಡುಗಿಯ ವಾರದ ಒಂದು ಚೀಟಿಗೂ ಬೀಗ. ಹೇಳದಿದ್ದರೆ ಆ ಚೀಟಿ ಉಳಿಯಬಹುದು; ಆದರೆ ತಾನು ಕಳ್ಳ. ಅವನು ಜೇಬಿನಿಂದ ಡಬ್ಬಿಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ, ಪೆನ್ಸಿಲನ್ನು ಅದರ ಪಕ್ಕಕ್ಕಿಟ್ಟ.

‘ನಾ ಇವತ್ತಿಗೆ ಬಿಟ್ಟೆ. ಕಾಗದದಾಗ ಏನ್ ಬರದೇನಿ ನೋಡ್ರಿ: ಹೆಸರಿಟ್ಟುಕೊಂಡವ ಬಿಟ್ಟ ಹೊತ್ತಿಗೆ ಡಬ್ಬಿ ಬಂದ್, ಹೆಸರಿನ ಚೀಟಿ ಯಾರ್ ಕೈಗೂ ಹೋಗಬಾರದು. ಹೊಸಬ ಹೊಸದಾಗಿ ಕೇಳಿ ತಗೋಬೇಕು. ಅಲ್ಲೀತನಕ ಡಬ್ಬಿ ಕಾಯೋ ಕೆಲಸಾನೂ ಇಲ್ಲ.’

ಹಾಗೆಂದವನೇ ಒಳಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದ. ಹತ್ತೊಂಬತ್ತು ಜನರ ಹೆಸರು ಅದರಲ್ಲಿ. ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ, ಹೊಸ್ತಿಲ ಹೊರಗೇ ನಿಂತು, ಭಟ್ಟಿಯ ಮುಂದಿದ್ದ ಅಡುಗೆಯವನಿಗೆ ‘ಒಲೀಗೆ ಹಾಕಪಾ’ ಎಂದು ಕೊಟ್ಟ. ಅದು ಬೂದಿಯಾಗುವ ತನಕ ಅಲ್ಲಿಂದ ಕದಲಲಿಲ್ಲ. ತಾನು ನಿರಪರಾಧಿ ಎನ್ನುವುದಕ್ಕೆ ಅವನ ಬಳಿ ಇದ್ದ ಪುರಾವೆ ಅದೊಂದೇ.

‘ನೋಡಿದಿರಾ? ನೋಡಿದಿರಾ ಎಲ್ಲರೂ?’ ರಾಯರು ಕೂಗಿದರು. ‘ಪುರಾವೆ ಸುಟ್ಟ!’

ಅವರ ಸೊಸೆಯ ಹೆಸರು ಅವರದೇ ಭಟ್ಟಿಯಲ್ಲಿ ಉರಿಯುತ್ತಿತ್ತು.

ಮರುದಿನದಿಂದ ಪ್ಲಾಟ್‌ಫಾರ್ಮಿನಲ್ಲಿ ಪರೀಕ್ಷೆ ಶುರುವಾಯಿತು. ‘ಸರೀರಿ, ಸೇನಾಪತಿಗಳು ಬಂದರು, ಜಾಗ ಬಿಡಿ!’ ಎಂದು ಒಬ್ಬ. ‘ಬೇಳೆ ಎಷ್ಟು ದಿನಕ್ಕಿದೆ ಸಾಹೇಬ್ರೇ?’ ಎಂದು ಇನ್ನೊಬ್ಬ. ಇವರೆಲ್ಲ ಅವನ ಕೈಯಿಂದ ವರ್ಷಗಟ್ಟಲೆ ನ್ಯಾಯ ಪಡೆದವರು. ಶಂಕರೆಪ್ಪ ಬಾಗಿಲ ಕಂಬಿ ಹಿಡಿದು ನಿಂತು ದಿವಾದಲ್ಲಿ ಇಳಿದುಹೋಗುತ್ತಿದ್ದ.

ಮನೆಯಲ್ಲಿ ಕಲ್ಲವ್ವ ಸುಮ್ಮನಿರಲಿಲ್ಲ. ‘ಒಂದ್ ಹೆಸರ್ ಹೇಳಿದ್ರ ನಿಮ್ಮ ಮಾನ ಉಳೀತಿತ್ತಲ್ರೀ. ನಳದ ಕಟ್ಟಿಮ್ಯಾಲ ಹೆಂಗಸ್ರು ನನ್ನ ಸೇನಾಪತಿ ಹೆಂಡ್ತಿ ಅಂತಾರ.’

‘ಅಂತಾರೇನು?’

‘ಹ್ಞೂಂ. ಕೊಡ ಮೊದ್ಲ ತುಂಬಿಸ್ಕೊಳ್ಳಾಕ ಬಿಡ್ತಾರ, ಅದೊಂದ್ ಛಲೋ ಆತು.’ ಆಮೇಲೆ ಕೇಳಿದಳು: ‘ಆ ಹೆಸರಿನ ಮನಿಷಾಗ ನಿಮ್ಮ ಗತಿ ಗೊತ್ತೈತೇನು?’

‘ಗೊತ್ತಿರಬೇಕು. ಯಾರಂತ ಕೇಳಬ್ಯಾಡ.’

ಕಲ್ಲವ್ವ ಕೇಳಲಿಲ್ಲ. ಈ ಬರಹದಲ್ಲಿ ನನ್ನ ಅರ್ಧ ನಮಸ್ಕಾರ ಅವಳಿಗೆ.

ಇತ್ತ ಹೆಸರಿಟ್ಟುಕೊಳ್ಳುವುದನ್ನೂ ತೀರ್ಪನ್ನೂ ಪುಂಡರೀಕಾಕ್ಷ ಒಬ್ಬನೇ ವಹಿಸಿಕೊಂಡ. ಖಾಲಿ ಗೆರೆಗಳು ಮಾಯವಾದವು. ಯಾವ ಸಾಲು ಯಾಕೆ ಹೋಯಿತೆಂದು ಬರೆದವನಿಗೂ ತಿಳಿಯುತ್ತಿರಲಿಲ್ಲ. ಕೇಳಿದ ಸಂಕರ್ಷಣನ ಕೋಟೆ ಮರುವಾರವೇ ಬಿತ್ತು. ಆಡುವವರು ಹತ್ತೊಂಬತ್ತು ಇದ್ದದ್ದು ಹನ್ನೊಂದಾದರು. ಸೇನಾಪತಿಯ ಚೀಟಿ ಮಾತ್ರ ಬರಲೇ ಇಲ್ಲ. ‘ಕಳ್ಳ ಹೋದ, ಸೇನಾಪತಿಯೂ ಹೋದ’ ಎಂದು ರಾಯರು ಸಿಕ್ಕವರಿಗೆಲ್ಲ ಹೇಳಿದರು. ಅವರ ದೃಷ್ಟಿಯಲ್ಲಿ ಲೆಕ್ಕ ತಾಳೆಯಾಯಿತು.

ಐದು ತಿಂಗಳ ನಂತರ, ಒಂದು ಭಾನುವಾರ, ಉತ್ತರ ಕೊಡದ ಕಣಿವೆಯ ಕೋಟೆ ರಾಜನ ವಶವಾಯಿತೆಂದು ಪುಂಡರೀಕಾಕ್ಷ ವಹಿಯಲ್ಲಿ ಬರೆಯಲು ಹೊರಟ. ರಾಯರು ಎಲ್ಲರಿಗೂ ಜಿಲೇಬಿ ತರಿಸಿದ್ದರು.

ಅಡುಗೆಮನೆಯ ಬಾಗಿಲು ತೆರೆಯಿತು. ವೇದಾವತಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಮೇಜಿನ ತುದಿಯಲ್ಲಿ ನಿಂತಳು. ಗಂಡಸರೆಲ್ಲ ಇರುವಾಗ ಆ ಹೊಸ್ತಿಲನ್ನು ಅವಳು ದಾಟಿದ್ದು ಅದೇ ಮೊದಲು.

‘ಮಾವ, ನಿಮ್ಮ ಬೇಳೆ ಹನ್ನೊಂದು ದಿವಸಕ್ಕೆ ಮುಗೀತದೆ ಅಂತ ಬರೆದದ್ದು ನಾನು.’

ಪುಂಡರೀಕಾಕ್ಷ ಬರೆಯುವುದನ್ನು ಬಿಟ್ಟು ತಲೆಯೆತ್ತಿದ.

‘ಶಂಕರೆಪ್ಪಣ್ಣನಿಗೆ ಗೊತ್ತಿತ್ತು. ನಾನು ಹೇಳ್ಬೇಡಿ ಅಂತ ಬರೆದಿದ್ದೆ, ಅವರು ಹೇಳಲಿಲ್ಲ. ಐದು ತಿಂಗಳು ನಾನು ಹೆದರಿ ಕೂತೆ. ಇನ್ನು ಆಗುದಿಲ್ಲ. ಬೇಕಾದರೆ ಈ ಆಟವನ್ನೂ ಬಿಡಿಸಿ. ಅವರನ್ನು ಕಳ್ಳ ಅನ್ನಬೇಡಿ.’

ರಾಯರ ಬಾಯಿಂದ ಬಂದ ಮಾತು ಯಾರೂ ಎಣಿಸಿರದ್ದು:

‘ಹನ್ನೊಂದಲ್ಲ. ಹನ್ನೆರಡು ದಿವಸ ಬರ್ತಿತ್ತು.’

‘ಬರ್ತಿತ್ತು ಮಾವ. ಹನ್ನೆರಡನೇ ದಿವಸ ನೀರು ಸಾಂಬಾರು.’

ಆ ನೀರು ಸಾಂಬಾರನ್ನು ತಿಂಗಳ ಕೊನೆಯಲ್ಲಿ ಉಣ್ಣದವರು ಆ ಮೇಜಿನಲ್ಲಿ ಒಬ್ಬರೂ ಇರಲಿಲ್ಲ. ಸೈದಪ್ಪ ಮೊದಲು ನಕ್ಕ, ಆಮೇಲೆ ಎಲ್ಲರೂ. ರಾಯರು ನಗಲಿಲ್ಲ. ಬಹಳ ಹೊತ್ತು ಸೊಸೆಯ ಮುಖ ನೋಡಿದರು. ‘ಕೂತ್ಕೋ’ ಎಂದು ಪಕ್ಕದ ಕುರ್ಚಿ ಎಳೆದು, ತಾವು ಚಪ್ಪಲಿ ಮೆಟ್ಟಿ ಹೊರಟುಹೋದರು.

ನೇರ ಶಂಕರೆಪ್ಪನ ಚಾಳಿಗೆ. ಬಾಗಿಲಲ್ಲೇ ಕೈಮುಗಿದರು. ‘ತಪ್ಪಾಯ್ತು ಮಾರಾಯ್ರೆ.’

ಶಂಕರೆಪ್ಪ ಅವರನ್ನು ಒಳಗೆ ಕರೆದು ಕೂರಿಸಿದ, ಕಲ್ಲವ್ವ ಚಹಾ ಕೊಟ್ಟಳು. ನಡೆದದ್ದನ್ನೆಲ್ಲ ಕೇಳಿ ಅವನು ಮೊದಲು ಕೇಳಿದ್ದು ಇಷ್ಟೇ: ‘ತಂಗೀಗೆ ಏನೂ ಅನ್ಲಿಲ್ಲಲ್ರಿ?’

‘ಕುರ್ಚಿ ಕೊಟ್ಟು ಬಂದೆ.’

‘ಹಂಗಾರ ಛಲೋ ಆತು. ನನ್ನ ತಪ್ಪೊಪ್ಪಿಗಿ ಇಲ್ಲಿ ಬ್ಯಾಡ್ರಿ ರಾಯರ. ಕಳ್ಳ ಅಂದದ್ದು ಮೇಜಿನ ಮ್ಯಾಲ. ಇದೂ ಅಲ್ಲೇ. ಅಕ್ಷರ ಅಷ್ಟs ದೊಡ್ಡವು ಇರ್ಲಿ.’

ಮುಂದಿನ ಭಾನುವಾರ ರಾಯರು ತಮ್ಮ ಕೈಯಾರೆ ವಹಿಯಲ್ಲಿ ಬರೆದರು; ಎದ್ದು ನಿಂತು ಓದಿದರು. ಪಕ್ಕದ ಕುರ್ಚಿಯಲ್ಲಿ ಸೇನಾಪತಿ. ಬಿಟ್ಟುಹೋದವರೂ ಬಂದಿದ್ದರು, ಪ್ಲಾಟ್‌ಫಾರ್ಮಿನಲ್ಲಿ ಗೇಲಿ ಮಾಡಿದವರು ತಲೆ ತಗ್ಗಿಸಿ ಹಿಂದೆ ನಿಂತಿದ್ದರು. ಪುಂಡರೀಕಾಕ್ಷ ಯಾರೂ ಹೇಳದೆಯೇ ಬೀಗದ ಕೈಯನ್ನೂ ಪೆನ್ಸಿಲನ್ನೂ ತಂದು ಶಂಕರೆಪ್ಪನ ಮುಂದಿಟ್ಟ. ಎಲ್ಲರೂ ಚಪ್ಪಾಳೆ ಹೊಡೆದರು.

ಶಂಕರೆಪ್ಪ ಪೆನ್ಸಿಲನ್ನು ಮುಟ್ಟಲಿಲ್ಲ.

‘ನನಗ ಬ್ಯಾಡ್ರಿ,’ ಅಂದ. ‘ಮೊನ್ನಿ ತನಕ ನನ್ನ ಯಾರು ಬೇಕಾದ್ರೂ ಯಾಕಂತ ಕೇಳ್ತಿದ್ರಿ. ಈಗ ಚಪ್ಪಾಳಿ ಹೊಡಿತೀರಿ. ನಾಳೆ ನಾ ಯಾರ್ದರ ಕುದ್ರಿ ಕುಂಟು ಅಂತ ಸಾಲು ಹೊಡದ್ರ, ಶಂಕರೆಪ್ಪ ಹೊಡದಾನ, ಸರಿನs ಇರಬೇಕು ಅಂತೀರಿ. ಅಂಥವನ ಕೈಯಾಗ ಇದು ಇರಬಾರದು. ಸೈದಪ್ಪಗ ಕೊಡ್ರಿ. ಅವನ ಮ್ಯಾಲ ಯಾರಿಗೂ ಅಷ್ಟು ಭರೋಸಾ ಇಲ್ಲ.’

‘ಏ ಅಣ್ಣಾ!’ ಅಂದ ಸೈದಪ್ಪ.

‘ಮತ್ತ ನನಗೂ ಆಡಬೇಕನಸೈತಿ,’ ಅಂದ ಶಂಕರೆಪ್ಪ. ‘ಎರಡು ವರ್ಷ ಬರೇ ಮಂದಿ ಆಟ ನಕಲು ಮಾಡೇನಿ.’

ಅಂದೇ ಒಂದು ಚೀಟಿ ಬರೆದು, ಮಡಿಸಿ, ಡಬ್ಬಿಗೆ ಹಾಕಿ ಕೈ ತೊಳೆದುಕೊಂಡು ಹೋದ.

ಕೋಟೆಯಾಟ ಆಮೇಲೆ ಆರು ವರ್ಷ ನಡೆಯಿತು. ವೇದಾವತಿ ರಾಜಧಾನಿಯನ್ನೂ ಗೆದ್ದಳು, ಬೇಳೆಯ ಬಲದಿಂದಲೇ. ಆ ಆರು ವರ್ಷದ ವಹಿಗಳಲ್ಲಿ ಹಳೆಯ ಹತ್ತೊಂಬತ್ತು ಪಾತ್ರಗಳಿವೆ, ಹೊಸದಾಗಿ ಸೇರಿದ ಏಳೆಂಟಿವೆ: ಒಬ್ಬ ದೋಣಿಯವ, ಒಬ್ಬ ಕುರುಡ ವೈದ್ಯ, ಮಾತಿಗೆ ಮುಂಚೆ ಜಗಳ ತೆಗೆಯುವ ಒಬ್ಬಳು ಸುಂಕದ ಕಟ್ಟೆಯ ಮುದುಕಿ. ಇವರಲ್ಲಿ ಶಂಕರೆಪ್ಪ ಯಾರು?

ಇದನ್ನು ಬರೆಯುವ ಮೊದಲು ಕಲ್ಯಾಣಕ್ಕೆ ಹೋಗಿ ಸೈದಪ್ಪನನ್ನು ಕೇಳಿದೆ. ಆಟ ನಿಂತು ಎರಡು ವರ್ಷವಾಗಿದೆ, ಇನ್ನೇನು ಗುಟ್ಟು ಎಂದೆ. ಚಹಾ ಕುಡಿಸಿದ, ಊಟಕ್ಕೆ ಕೂರಿಸಿದ, ಸ್ಟೇಷನ್ನಿನ ತನಕ ಬಂದು ಗಾಡಿ ಹತ್ತಿಸಿದ. ಹೆಸರು ಮಾತ್ರ ಹೇಳಲಿಲ್ಲ.